ಅಥ್ಲೆಟಿಕ್ ಟ್ರೈನರ್‌ಗಳಿಗೆ ಆರ್ಥೋಪೀಡಿಕ್ ರೆಸಿಡೆನ್ಸಿಯಲ್ಲಿ ಶಸ್ತ್ರಕ್ರಿಯಾ ತರಬೇತಿ

ಅಮೆರಿಕದ ಶಾಲೆ, ಕಾಲೇಜು ಮತ್ತು ವೃತ್ತಿಪರ ತಂಡಗಳಲ್ಲಿ ಆಟಗಾರ ನೆಲಕ್ಕೆ ಬಿದ್ದೊಡನೆ ಮೈದಾನದೊಳಕ್ಕೆ ಮೊದಲು ಓಡುವವರು ಅಥ್ಲೆಟಿಕ್ ಟ್ರೈನರ್‌ಗಳು. ಗಾಯವಾಗದಂತೆ ನೋಡಿಕೊಳ್ಳುವುದು, ಆದಾಗ ತುರ್ತು ಆರೈಕೆ ಕೊಡುವುದು, ಏಟು ಎಲ್ಲಿ ಬಿದ್ದಿದೆಯೆಂದು ಪರೀಕ್ಷಿಸುವುದು, ಆಟಗಾರ ಮತ್ತೆ ಕಣಕ್ಕಿಳಿಯುವ ತನಕ ವ್ಯಾಯಾಮ ಮಾಡಿಸುವುದು ಇವರ ಕೆಲಸ. ಜಿಮ್‌ನಲ್ಲಿ ಕಸರತ್ತು ಹೇಳಿಕೊಡುವ ಟ್ರೈನರ್‌ಗೂ ಇವರಿಗೂ ಸಂಬಂಧವಿಲ್ಲ. ಇವರು ವೈದ್ಯರ ನಿರ್ದೇಶನದಲ್ಲಿ ದುಡಿಯುವ, ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಪಡೆಯಲೇಬೇಕಾದ ಆರೋಗ್ಯ ವೃತ್ತಿಪರರು. ಇವರಲ್ಲಿ ಒಂದು ಪಾಲು ಜನ ಕಳೆದ ಕೆಲವು ದಶಕಗಳಲ್ಲಿ ಮೈದಾನದಿಂದ ಮೂಳೆ ವೈದ್ಯರ ಕ್ಲಿನಿಕ್ಕಿಗೆ, ಅಲ್ಲಿಂದ ಆಪರೇಷನ್ ಥಿಯೇಟರಿಗೆ ಬಂದಿದ್ದಾರೆ. ಅವರನ್ನು ಅದಕ್ಕೆ ಸಜ್ಜುಗೊಳಿಸುವ, ಸಾಮಾನ್ಯವಾಗಿ 12 ತಿಂಗಳು ನಡೆಯುವ ತರಬೇತಿಯೇ ಅಥ್ಲೆಟಿಕ್ ಟ್ರೈನರ್‌ಗಳ ಆರ್ಥೋಪೀಡಿಕ್ ರೆಸಿಡೆನ್ಸಿ. ಆಪರೇಷನ್ ಮೇಜಿನ ಬಳಿ ನಿಂತು ಕಲಿಯುವುದು ಅದರಲ್ಲಿ ಎಲ್ಲರನ್ನೂ ಸೆಳೆಯುವ ಭಾಗ. ಜನ ತಪ್ಪಾಗಿ ತಿಳಿದುಕೊಂಡಿರುವುದೂ ಅದನ್ನೇ.

ತಪ್ಪು ತಿಳಿವಳಿಕೆ ಇಷ್ಟೇ: ಈ ರೆಸಿಡೆನ್ಸಿ ಮುಗಿಸಿದವರು ಶಸ್ತ್ರಚಿಕಿತ್ಸಕರಾಗುತ್ತಾರೆ ಎಂಬುದು. ಹಾಗೇನೂ ಆಗುವುದಿಲ್ಲ. ಅಮೆರಿಕದಲ್ಲಿ ಮೂಳೆ ಶಸ್ತ್ರಚಿಕಿತ್ಸಕರಾಗಲು ವೈದ್ಯ ಪದವಿಯ ನಂತರ 5 ವರ್ಷದ ರೆಸಿಡೆನ್ಸಿ ಬೇಕು. ಕ್ರೀಡಾ ಗಾಯಗಳಲ್ಲಿ ಪರಿಣತಿ ಬೇಕೆಂದರೆ ಇನ್ನೊಂದು ವರ್ಷದ ಫೆಲೋಶಿಪ್. ಅಥ್ಲೆಟಿಕ್ ಟ್ರೈನರ್ ಅದೇ ಥಿಯೇಟರಿನಲ್ಲಿ, ಅದೇ ಮೇಜಿನ ಪಕ್ಕದಲ್ಲಿ ನಿಲ್ಲಬಹುದು. ಚಾಕು ಹಿಡಿಯುವ ಕೈ ಮಾತ್ರ ವೈದ್ಯರದು.

ವೃತ್ತಿಯ ಮೂಲ ಅಷ್ಟೇನೂ ಗಂಭೀರವಾದದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಕಾಲೇಜು ಫುಟ್‌ಬಾಲ್ ತಂಡಗಳಲ್ಲಿ ಆಟಗಾರರ ಮೈಗೆ ಎಣ್ಣೆ, ಲೇಪ ತಿಕ್ಕುವ ಆಳುಗಳಿದ್ದರು. ಟ್ರೈನರ್ ಎಂದರೆ ಬಹುಮಟ್ಟಿಗೆ ಅವರೇ. ಸ್ಯಾಮ್ಯುಯೆಲ್ ಬಿಲಿಕ್ ಎಂಬ ವೈದ್ಯರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬರೆದ ಕೈಪಿಡಿ ಈ ಕೆಲಸಕ್ಕೆ ಒಂದು ಶಾಸ್ತ್ರದ ಆಧಾರ ಒದಗಿಸಿತು. ಕ್ಯಾನ್ಸಾಸ್ ರಾಜ್ಯದ ಗಾರ್ಡ್ನರ್ ಊರಿನಲ್ಲಿ ನೋವಿನೆಣ್ಣೆ ತಯಾರಿಸಿ ಮಾರುತ್ತಿದ್ದ ಕ್ರೇಮರ್ ಸಹೋದರರು ತಮ್ಮ ವ್ಯಾಪಾರದ ಜೊತೆಜೊತೆಗೇ ಟ್ರೈನರ್‌ಗಳಿಗೆ ಪತ್ರಿಕೆ ಹೊರಡಿಸಿ ಅವರನ್ನು ಒಂದುಗೂಡಿಸಿದರು. 1938ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘ ಯುದ್ಧದ ಹೊಡೆತಕ್ಕೆ ನಿಂತುಹೋಯಿತು. 1950ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಅದೇ ಹೆಸರಿನಲ್ಲಿ ಮತ್ತೆ ಆರಂಭವಾದ ನ್ಯಾಷನಲ್ ಅಥ್ಲೆಟಿಕ್ ಟ್ರೈನರ್ಸ್ ಅಸೋಸಿಯೇಷನ್, ಅಂದರೆ ನಾಟಾ, ಇಂದಿಗೂ ಇದೆ. 1971ರಲ್ಲಿ ಟೆಕ್ಸಸ್ ಈ ವೃತ್ತಿಗೆ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯವಾಯಿತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ವೈದ್ಯಕೀಯ ಪೂರಕ ವೃತ್ತಿಯೆಂದು ಒಪ್ಪಿಕೊಂಡದ್ದು 1990ರಲ್ಲಿ.

ಮೂಳೆ ವೈದ್ಯರ ಜೊತೆಗಿನ ನಂಟು ಬೆಳೆದದ್ದು ದಕ್ಷಿಣದ ಜಾರ್ಜಿಯಾ, ಅಲಬಾಮಾ ಸೀಮೆಯಲ್ಲಿ. ಜಾರ್ಜಿಯಾದ ಕೊಲಂಬಸ್ ಊರಿನಲ್ಲಿ 1949ರಲ್ಲಿ ಕ್ಲಿನಿಕ್ ತೆರೆದ ಡಾ. ಜ್ಯಾಕ್ ಹ್ಯೂಸ್ಟನ್ ಶಾಲಾ ಹುಡುಗರ ಫುಟ್‌ಬಾಲ್ ಪಂದ್ಯಗಳಿಗೆ ತಾವೇ ಹೋಗಿ ಗೆರೆಯಾಚೆ ನಿಲ್ಲುತ್ತಿದ್ದವರು. 1972ರಲ್ಲಿ ರೂಪುಗೊಂಡ ಕ್ರೀಡಾ ವೈದ್ಯಕೀಯದ ಮೂಳೆ ತಜ್ಞರ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಅದರ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮೈದಾನದಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದ ಟ್ರೈನರ್ ಕ್ಲಿನಿಕ್ಕಿನಲ್ಲೂ ಪಕ್ಕದಲ್ಲೇ ಇದ್ದರೆ ಆಗುವ ಲಾಭ ಇಂಥ ವೈದ್ಯರಿಗೆ ಬೇಗ ಕಂಡಿತು. ಬಿದ್ದ ಆಟಗಾರನ ಮಂಡಿ ಯಾವ ಕಡೆ ತಿರುಚಿತು, ಊತ ಎಷ್ಟು ಹೊತ್ತಿಗೆ ಬಂತು, ಟಪ್ಪೆಂದು ಸದ್ದಾಯಿತೇ ಎಂಬುದೆಲ್ಲ ಟ್ರೈನರ್ ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಸಂಗತಿ.

ಥಿಯೇಟರಿನ ಬಾಗಿಲು ತೆರೆಯಲು ಇನ್ನೂ ಕೆಲವು ಕಾರಣಗಳು ಕೂಡಿಬಂದವು. ಮೊದಲನೆಯದು ಆರ್ತ್ರೋಸ್ಕೊಪಿ. ಟೋಕಿಯೋದ ಡಾ. ಮಸಾಕಿ ವಟನಬೆ ಕೀಲಿನೊಳಗೆ ಸಣ್ಣ ರಂಧ್ರದ ಮೂಲಕ ನೋಡುವ ಉಪಕರಣವನ್ನು ಬಳಕೆಗೆ ಯೋಗ್ಯವಾಗಿಸಿ, 1962ರಲ್ಲಿ ಅದರ ನೆರವಿನಿಂದ ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್‌ನ ಹರಿದ ತುಂಡನ್ನು ತೆಗೆದರು. 1964ರಲ್ಲಿ ಅವರಲ್ಲಿ ಕಲಿತ ಕೆನಡಾದ ಡಾ. ರಾಬರ್ಟ್ ಜ್ಯಾಕ್ಸನ್ ಈ ವಿದ್ಯೆಯನ್ನು ಉತ್ತರ ಅಮೆರಿಕಕ್ಕೆ ಒಯ್ದರು. ವಿಧಾನ ಹರಡಿದಂತೆ ಕ್ಯಾಮೆರಾ ಹಿಡಿಯಲು, ಕಾಲನ್ನು ಬೇಕಾದ ಕೋನದಲ್ಲಿ ನಿಲ್ಲಿಸಲು, ನೀರಿನ ಪಂಪಿನ ಒತ್ತಡ ಗಮನಿಸಲು ಕೀಲಿನ ರಚನೆ ಬಲ್ಲ ಇನ್ನೊಂದು ಜೊತೆ ಕೈಗಳು ಬೇಕಾದವು. ಎರಡನೆಯದು, ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುವ ಡೇ ಕೇರ್ ಶಸ್ತ್ರಕ್ರಿಯಾ ಕೇಂದ್ರಗಳು. ಅಮೆರಿಕದಲ್ಲಿ ಇಂಥ ಮೊದಲ ಕೇಂದ್ರ 1970ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಬಾಗಿಲು ತೆರೆಯಿತು. ಬೋಧನಾ ಆಸ್ಪತ್ರೆಗಳಲ್ಲಿ ಕೈಗೆ ಸಿಗುವ ಕಿರಿಯ ವೈದ್ಯರು ಇಂಥ ಕಡೆ ಸಾಮಾನ್ಯವಾಗಿ ಇರುವುದಿಲ್ಲ. ಬೋಧನಾ ಆಸ್ಪತ್ರೆಗಳಲ್ಲೂ 2003ರ ಜುಲೈಯಿಂದ ಕಿರಿಯ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಬಂದಾಗ ತೆರವಾದ ಜಾಗವನ್ನು ಬೇರೆ ಯಾರಾದರೂ ತುಂಬಲೇಬೇಕಾಯಿತು. ಫಿಸಿಷಿಯನ್ ಅಸಿಸ್ಟೆಂಟ್‌ಗಳು ತುಂಬಿದರು, ನರ್ಸ್‌ಗಳು ತುಂಬಿದರು, ಜೊತೆಗೆ ಅಥ್ಲೆಟಿಕ್ ಟ್ರೈನರ್‌ಗಳೂ ಬಂದರು. ವೈದ್ಯರ ಕೈ ಉದ್ದ ಮಾಡುವವರು ಎಂಬ ಅರ್ಥದಲ್ಲಿ ಇವರನ್ನು ಬಹುಕಾಲ ಫಿಸಿಷಿಯನ್ ಎಕ್ಸ್‌ಟೆಂಡರ್ ಎಂದು ಕರೆಯುತ್ತಿದ್ದರು.

ಆ ಹೊತ್ತಿನಲ್ಲಿ ತರಬೇತಿ ಎಂದರೆ ವೈದ್ಯರಿಗೆ ಇಷ್ಟ ಬಂದಷ್ಟು, ತಿಳಿದಷ್ಟು ಕಲಿಸುವುದು. ಒಂದು ಕಡೆ ಫೆಲೋಶಿಪ್ ಎಂದರು, ಇನ್ನೊಂದು ಕಡೆ ಇಂಟರ್ನ್‌ಶಿಪ್ ಎಂದರು; ಕೆಲವೆಡೆ ಅಗ್ಗದ ದುಡಿಮೆಗೆ ಅಂಟಿಸಿದ ಚೆಂದದ ಹೆಸರಾಗಿಯೂ ಅದು ಉಳಿಯಿತು. ಇದಕ್ಕೆ ಕಟ್ಟುಪಾಡು ತಂದದ್ದು ಸಿಎಎಟಿಇ ಎಂಬ ಮಾನ್ಯತಾ ಆಯೋಗ. ಅಥ್ಲೆಟಿಕ್ ಟ್ರೈನಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಈ ಆಯೋಗವು ಪದವಿ ಕೋರ್ಸುಗಳ ಜೊತೆಗೆ ಸ್ನಾತಕೋತ್ತರ ರೆಸಿಡೆನ್ಸಿಗಳಿಗೂ ಮಾನದಂಡ ರೂಪಿಸಿತು. ಆರ್ಥೋಪೀಡಿಕ್ಸ್, ಪುನಶ್ಚೇತನ, ಮಕ್ಕಳ ಆರೋಗ್ಯ, ಪ್ರಾಥಮಿಕ ಆರೈಕೆ, ತುರ್ತು ಆರೈಕೆ ಮೊದಲಾದವು ಅದು ಗುರುತಿಸಿದ ಪರಿಣತಿಯ ಕ್ಷೇತ್ರಗಳು. ಜಾರ್ಜಿಯಾದ ಅಟ್ಲಾಂಟಾದಲ್ಲಿ ಎಮರಿ ವಿಶ್ವವಿದ್ಯಾಲಯ, ಐಡಹೋ ರಾಜ್ಯದ ಬಾಯ್ಸಿಯಲ್ಲಿ ಸೇಂಟ್ ಲೂಕ್ಸ್, ಮ್ಯಾಂಚೆಸ್ಟರ್ ಊರಿನ ನ್ಯೂ ಹ್ಯಾಂಪ್‌ಶೈರ್ ಮಸ್ಕ್ಯುಲೋಸ್ಕೆಲಿಟಲ್ ಇನ್‌ಸ್ಟಿಟ್ಯೂಟ್ ಈ ಬಗೆಯ ತರಬೇತಿಗೆ ಹೆಸರಾದ ಸ್ಥಳಗಳು.

ಸೇರಲು ಬೇಕಾದ ಅರ್ಹತೆಯೂ ಏರಿದೆ. ಬೋರ್ಡ್ ಆಫ್ ಸರ್ಟಿಫಿಕೇಷನ್ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆಯಾ ರಾಜ್ಯದ ಲೈಸೆನ್ಸ್ ಪಡೆದಿರಬೇಕು. ವೃತ್ತಿಗೆ ಸ್ನಾತಕೋತ್ತರ ಪದವಿಯೇ ಪ್ರವೇಶದ ಮೆಟ್ಟಿಲಾಗಬೇಕೆಂದು 2015ರಲ್ಲಿ ನಿರ್ಧಾರವಾಯಿತು. 2022ರ ನಂತರ ಬರೀ ಬ್ಯಾಚುಲರ್ ಪದವಿಯ ಕೋರ್ಸುಗಳಿಗೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ಇಂದು ಈ ರೆಸಿಡೆನ್ಸಿಗೆ ಬರುವವರಲ್ಲಿ ಬಹುಪಾಲು ಜನ ಮಾಸ್ಟರ್ಸ್ ಮುಗಿಸಿಯೇ ಬಂದವರು.

ಥಿಯೇಟರಿನಲ್ಲಿ ಅವರು ಕಲಿಯುವುದು ಏನು? ಮೊದಲ ಪಾಠ ಕೈ ತೊಳೆಯುವುದು. ಮೊಣಕೈಯವರೆಗೆ ಉಜ್ಜಿ, ಗೌನು ಮತ್ತು ಗ್ಲೌಸ್ ತೊಟ್ಟು, ಕೈಗಳನ್ನು ಸೊಂಟದಿಂದ ಕೆಳಗಿಳಿಸದೆ, ಬೆನ್ನು ತಿರುಗಿಸದೆ ಗಂಟೆಗಟ್ಟಲೆ ನಿಲ್ಲುವುದು ಕೇಳಲು ಸುಲಭ. ಮೈದಾನದಲ್ಲಿ ಬೆವರು, ಮಣ್ಣು, ರಕ್ತದ ನಡುವೆ ಕೈ ಹಾಕಿ ರೂಢಿಯಾದವರಿಗೆ ಈ ಶಿಸ್ತು ಮೈಗೂಡಲು ವಾರಗಳೇ ಬೇಕು. ಸ್ಟೆರೈಲ್ ಅಲ್ಲದ ಯಾವುದಕ್ಕಾದರೂ ಮೊಣಕೈ ತಾಗಿದರೂ ಹೇಳಿಬಿಡಬೇಕು. ಮುಚ್ಚಿಡುವವರಿಗೆ ಅಲ್ಲಿ ಜಾಗವಿಲ್ಲ.

ಎರಡನೆಯದು ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಕ್ರಮ. ಇದನ್ನು ಹಗುರವಾಗಿ ಕಾಣುವವರೇ ಹೆಚ್ಚು, ಆದರೆ ಅರಿವಳಿಕೆಯಲ್ಲಿರುವ ರೋಗಿಗೆ ನೋವೆಂದು ಹೇಳಲು ಬಾಯಿಲ್ಲ. ಮಂಡಿಯ ಹೊರಬದಿಯಲ್ಲಿ ಫಿಬುಲಾ ಮೂಳೆಯ ತಲೆಯನ್ನು ಬಳಸಿ ಹೋಗುವ ನರದ ಮೇಲೆ ಒತ್ತಡ ಬಿದ್ದರೆ, ಎಚ್ಚರವಾದ ಮೇಲೆ ಪಾದವನ್ನು ಮೇಲೆತ್ತಲಾಗದೆ ಹೋಗಬಹುದು. ಮೊಣಕೈಯ ಒಳಬದಿಯ ನರಕ್ಕೂ ಇದೇ ಅಪಾಯ. ಭುಜದ ಶಸ್ತ್ರಕ್ರಿಯೆಗೆ ರೋಗಿಯನ್ನು ಅರ್ಧ ಕೂರಿಸಿದಂತೆ ಒರಗಿಸುವ ಬೀಚ್ ಚೇರ್ ಭಂಗಿಯಲ್ಲಿ ತಲೆ ಮತ್ತು ಕತ್ತು ನೇರವಾಗಿರಬೇಕು. ತಲೆ ಎದೆಗಿಂತ ಎತ್ತರದಲ್ಲಿರುವ ಕಾರಣ ಮಿದುಳಿಗೆ ಹೋಗುವ ರಕ್ತದ ಒತ್ತಡ ಕುಸಿಯದಂತೆ ಅರಿವಳಿಕೆ ತಜ್ಞರು ಕಣ್ಣಿಡಬೇಕು. ಪಕ್ಕಕ್ಕೆ ಮಲಗಿಸಿದರೆ ತೋಳನ್ನು ತೂಕ ಕಟ್ಟಿ ಎಳೆದಿಡಬೇಕು. ರಕ್ತ ತಡೆಯಲು ತೊಡೆಗೆ ಬಿಗಿದ ಟೂರ್ನಿಕೆಟ್ ಪಟ್ಟಿ ಎಷ್ಟು ಹೊತ್ತಿಗೆ ಏರಿತು ಎಂಬುದು ಗೋಡೆಯ ಗಡಿಯಾರದ ಜೊತೆಗೆ ತಲೆಯಲ್ಲೂ ಓಡುತ್ತಿರಬೇಕು. ಎರಡು ಗಂಟೆ ದಾಟಿಸದಿರುವುದು ರೂಢಿ.

ಚರ್ಮ ಕೊಯ್ಯುವ ಮುನ್ನ ಎಲ್ಲರೂ ಕೈ ನಿಲ್ಲಿಸಿ ರೋಗಿಯ ಹೆಸರು, ಮಾಡಬೇಕಾದ ಶಸ್ತ್ರಕ್ರಿಯೆ, ಎಡವೋ ಬಲವೋ ಎಂಬುದನ್ನು ಗಟ್ಟಿಯಾಗಿ ಹೇಳುವ ಟೈಮ್ ಔಟ್ ಅಮೆರಿಕದ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ 2004ರಿಂದ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತನ್ನ ಸುರಕ್ಷತಾ ಪಟ್ಟಿಯನ್ನು ಬಿಡುಗಡೆ ಮಾಡಿದ ಮೇಲೆ ಇಂಥ ಪದ್ಧತಿ ಜಗತ್ತಿನೆಲ್ಲೆಡೆ ಹರಡಿತು. ಬಲ ಮಂಡಿಯ ಬದಲು ಎಡ ಮಂಡಿ ತೆರೆಯುವ ಪ್ರಮಾದ ಕಟ್ಟುಕಥೆಯಲ್ಲ, ಅದರಿಂದಾಗಿಯೇ ಈ ನಿಯಮ ಬಂತು. ಕ್ಲಿನಿಕ್ಕಿನಲ್ಲಿ ಆ ಮಂಡಿಯನ್ನು ತಾನೇ ಪರೀಕ್ಷಿಸಿದ ಟ್ರೈನರ್ ಈ ಸುತ್ತಿನಲ್ಲಿ ಒಳ್ಳೆಯ ಸಾಕ್ಷಿ.

ರೆಸಿಡೆಂಟ್‌ಗಳು ಹೆಚ್ಚು ಉತ್ಸಾಹದಿಂದ ಕಲಿಯುವುದು, ಉಪಕರಣಗಳನ್ನು ಹರಡಿಟ್ಟ ಹಿಂದಿನ ಮೇಜಿನ ಕೆಲಸವನ್ನು. ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿದಾಗ ಅದರ ಜಾಗದಲ್ಲಿ ಕೂರಿಸಲು ರೋಗಿಯ ಮೈಯಿಂದಲೇ ಬೇರೊಂದು ರಜ್ಜುವನ್ನು ತೆಗೆಯುತ್ತಾರೆ. ತೊಡೆಯ ಸೆಮಿಟೆಂಡಿನೋಸಸ್, ಗ್ರಾಸಿಲಿಸ್ ಸ್ನಾಯುಗಳ ರಜ್ಜುಗಳಾದರೆ ಅವುಗಳಿಗಂಟಿದ ಮಾಂಸವನ್ನು ಕೆರೆದು, ಮಡಿಚಿ, ತುದಿಗಳಿಗೆ ದಾರದ ಹೊಲಿಗೆ ಹಾಕಿ, ಅರ್ಧ ಅರ್ಧ ಮಿಲಿಮೀಟರಿಗೆ ಏರುವ ಕೊಳವೆಗಳಲ್ಲಿ ತೂರಿಸಿ ದಪ್ಪ ಅಳೆಯಬೇಕು. ಮೂಳೆಯಲ್ಲಿ ಕೊರೆಯುವ ಸುರಂಗದ ಅಗಲ ಆ ಅಳತೆಯನ್ನೇ ಅವಲಂಬಿಸಿದೆ. ಮಂಡಿಚಿಪ್ಪಿನ ಕೆಳಗಿನ ರಜ್ಜುವಾದರೆ ಎರಡೂ ತುದಿಯಲ್ಲಿ ಮೂಳೆಯ ತುಣುಕುಗಳಿರುತ್ತವೆ. ಸಾಮಾನ್ಯವಾಗಿ 10 ಮಿಲಿಮೀಟರ್ ಅಗಲದ ಅವನ್ನು ಸುರಂಗದಲ್ಲಿ ಜಾರುವಂತೆ ಉಜ್ಜಿ ನಯಗೊಳಿಸಬೇಕು. ಶಸ್ತ್ರಚಿಕಿತ್ಸಕರು ಸುರಂಗ ಕೊರೆಯುತ್ತಿರುವಾಗಲೇ ಈ ಕೆಲಸ ಪಕ್ಕದಲ್ಲಿ ನಡೆದರೆ ಟೂರ್ನಿಕೆಟ್‌ನ ಅಮೂಲ್ಯ ನಿಮಿಷಗಳು ಉಳಿಯುತ್ತವೆ. ಜಾರುವ ಆ ರಜ್ಜು ಕೈತಪ್ಪಿ ನೆಲಕ್ಕೆ ಬಿದ್ದರೆ ಏನು ಮಾಡಬೇಕೆಂಬ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳೇ ಇವೆ. ಹಿಡಿಯುವ ಕೈಯ ಮೇಲೆ ಎಷ್ಟು ಹೊಣೆಯಿದೆಯೆಂದು ತಿಳಿಯಲು ಅಷ್ಟು ಸಾಕು.

ಕೊನೆಗೆ ಚರ್ಮದ ಹೊಲಿಗೆ, ಗಾಯದ ಪಟ್ಟಿ, ಬ್ರೇಸ್ ಕೂರಿಸುವುದು. ಬ್ರೇಸ್ ವಿಷಯದಲ್ಲಿ ಟ್ರೈನರ್ ಥಿಯೇಟರಿನ ಯಾರಿಗೂ ಸೋಲುವವರಲ್ಲ.

ಇಷ್ಟೆಲ್ಲ ಕಲಿತು ಮತ್ತೆ ವ್ಯಾಯಾಮ ಮಾಡಿಸಲಿಕ್ಕೇ ಹೋಗುವುದಾದರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ದೊಡ್ಡದು, ತರಬೇತಿಯ ನಿಜವಾದ ಬೆಲೆ ಇರುವುದೇ ಅಲ್ಲಿ. ಹರಿದ ಮೆನಿಸ್ಕಸ್ ಅನ್ನು ಕತ್ತರಿಸಿ ಸರಿಪಡಿಸಿದ್ದರೆ ರೋಗಿ ಬಹುತೇಕ ಅದೇ ದಿನ ಕಾಲೂರಿ ನಡೆಯಬಹುದು. ಅದರ ಬೇರನ್ನು ಹೊಲಿದು ಕೂರಿಸಿದ್ದರೆ ಹಲವು ವಾರ ಊರುಗೋಲು ಬೇಕು. ಹೊರಗಿನಿಂದ ನೋಡಿದರೆ ಎರಡೂ ಮಂಡಿಗಳ ಮೇಲೆ ಅದೇ ಪುಟ್ಟ ರಂಧ್ರಗಳ ಗುರುತು. ಆಪರೇಷನ್ ಟಿಪ್ಪಣಿಯಲ್ಲಿ ಎರಡು ಸಾಲಲ್ಲಿ ಮುಗಿದ ಸಂಗತಿಯನ್ನು, ಅಂದರೆ ಅಂಗಾಂಶ ಎಷ್ಟು ಜಾಳಾಗಿತ್ತು, ಹೊಲಿಗೆ ಎಷ್ಟು ಬಿಗಿ ಹಿಡಿಯಿತು ಎಂಬುದನ್ನು ಕಣ್ಣಾರೆ ಕಂಡವರು ಮುಂದಿನ ವ್ಯಾಯಾಮವನ್ನು ಬೇರೆಯದೇ ಎಚ್ಚರದಿಂದ ನಡೆಸುತ್ತಾರೆ. ಎಸಿಎಲ್ ಶಸ್ತ್ರಕ್ರಿಯೆಯಾದವರು ಆಟಕ್ಕೆ ಮರಳುವ ಪ್ರಶ್ನೆಯಲ್ಲೂ ಹೀಗೆಯೇ. ಡೆಲವೇರ್ ಮತ್ತು ಆಸ್ಲೊ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಕ್ರಿಯೆಯಾದ 9 ತಿಂಗಳವರೆಗೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿತು. ಹದಿನೇಳರ ಹುಡುಗನಿಗೆ, ಅವನ ಕೋಚ್‌ಗೆ, ಅವನ ಅಪ್ಪನಿಗೆ ಈ ಮಾತನ್ನು ಒಪ್ಪಿಸುವ ಕೆಲಸ ಬೀಳುವುದು ಟ್ರೈನರ್ ಪಾಲಿಗೇ.

ಕ್ಲಿನಿಕ್ಕಿನ ಲಾಭಕ್ಕೆ ಲೆಕ್ಕದ ಆಧಾರವೂ ಇದೆ. ಎಮರಿಯ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಡಿಕಲ್ ಅಸಿಸ್ಟೆಂಟ್ ಬದಲು ಅಥ್ಲೆಟಿಕ್ ಟ್ರೈನರ್ ಜೊತೆಗಿದ್ದ ದಿನಗಳಲ್ಲಿ ವೈದ್ಯರು ಹೆಚ್ಚು ರೋಗಿಗಳನ್ನು ನೋಡಿದ್ದು ಕಂಡುಬಂತು.

ತೊಡಕು ಶುರುವಾಗುವುದು ಕಾನೂನಿನಲ್ಲಿ. ಅಥ್ಲೆಟಿಕ್ ಟ್ರೈನರ್ ಏನು ಮಾಡಬಹುದು ಎಂಬುದನ್ನು ಅಮೆರಿಕದಲ್ಲಿ ಒಂದೊಂದು ರಾಜ್ಯ ಒಂದೊಂದು ರೀತಿ ಬರೆದಿದೆ. ಕೆಲವು ರಾಜ್ಯಗಳಲ್ಲಿ ವೈದ್ಯರು ತಮ್ಮ ಹೊಣೆಯಲ್ಲಿ ಕೆಲಸಗಳನ್ನು ಒಪ್ಪಿಸಲು ಸಾಕಷ್ಟು ಅವಕಾಶವಿದೆ. ನ್ಯೂಯಾರ್ಕ್‌ನಂಥ ಕಡೆ ಕಾನೂನು ಬಹುಕಾಲ ಈ ವೃತ್ತಿಯನ್ನು ಶಾಲೆ, ಕಾಲೇಜು, ಕ್ರೀಡಾ ಸಂಸ್ಥೆಗಳ ಅಂಗಳಕ್ಕೇ ಕಟ್ಟಿಹಾಕಿತ್ತು. ಕ್ಯಾಲಿಫೋರ್ನಿಯಾ ಇನ್ನೊಂದು ವಿಚಿತ್ರ: ಒಲಿಂಪಿಕ್ಸ್‌ಗಳನ್ನೇ ನಡೆಸಿದ ಆ ರಾಜ್ಯ ದೇಶದ ಉಳಿದೆಲ್ಲ ರಾಜ್ಯಗಳು ನಿಯಂತ್ರಣ ತಂದ ಮೇಲೂ ಈ ವೃತ್ತಿಗೆ ಲೈಸೆನ್ಸ್ ಇಲ್ಲದೆ ಉಳಿಯಿತು. ರಾಜ್ಯದ ಕಾನೂನು ಒಪ್ಪಿದರೂ ಸಾಲದು. ಯಾರು ಯಾವ ಕೆಲಸಕ್ಕೆ ಥಿಯೇಟರಿನೊಳಗೆ ಕೈ ಹಾಕಬಹುದೆಂದು ಪ್ರತಿ ಆಸ್ಪತ್ರೆಯ ಸಮಿತಿ ಬೇರೆಯಾಗಿ ಅನುಮತಿ ಕೊಡಬೇಕು. ರೆಸಿಡೆನ್ಸಿಯಲ್ಲಿ ಹೊಲಿಗೆ ಕಲಿತವರು ಮುಂದೆ ಕೆಲಸಕ್ಕೆ ಸೇರಿದ ಊರಿನಲ್ಲಿ ಸೂಜಿ ಮುಟ್ಟುವಂತಿಲ್ಲ ಎಂಬ ಸ್ಥಿತಿ ಬರಬಹುದು.

ಅದಕ್ಕಿಂತ ಬಿಗಿಯಾದ ಗಂಟು ಹಣದ್ದು. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, ಶಸ್ತ್ರಕ್ರಿಯೆಯಲ್ಲಿ ಸಹಾಯಕ್ಕೆ ನಿಂತ ವೈದ್ಯರಿಗೆ ಆ ಶಸ್ತ್ರಕ್ರಿಯೆಯ ನಿಗದಿತ ಶುಲ್ಕದ 16 ಶೇಕಡಾ ಕೊಡುತ್ತದೆ. ಫಿಸಿಷಿಯನ್ ಅಸಿಸ್ಟೆಂಟ್ ನಿಂತರೆ ಅದರ 85 ಶೇಕಡಾ, ಎಂದರೆ ಒಟ್ಟು ಶುಲ್ಕದ 13.6 ಶೇಕಡಾ. ಅಥ್ಲೆಟಿಕ್ ಟ್ರೈನರ್ ನಿಂತರೆ ಸೊನ್ನೆ. ಬೋಧನಾ ಆಸ್ಪತ್ರೆಯಲ್ಲಿ ಅರ್ಹ ಕಿರಿಯ ವೈದ್ಯರು ಲಭ್ಯವಿದ್ದರೆ ಸಾಮಾನ್ಯವಾಗಿ ಬೇರಾವ ಸಹಾಯಕರಿಗೂ ಹಣವಿಲ್ಲ. 2005ರಲ್ಲಿ ಮೆಡಿಕೇರ್ ತನ್ನ ನಿಯಮ ಬಿಗಿಗೊಳಿಸಿ, ವೈದ್ಯರ ಕ್ಲಿನಿಕ್ಕಿನಲ್ಲಿ ಟ್ರೈನರ್ ಮಾಡಿಸುವ ವ್ಯಾಯಾಮ ಚಿಕಿತ್ಸೆಗೆ ಬಿಲ್ ಮಾಡುವ ದಾರಿಯನ್ನೂ ಮುಚ್ಚಿತು. 2017ರಿಂದ ಟ್ರೈನರ್ ನಡೆಸುವ ಪರೀಕ್ಷೆಗೆಂದೇ 97169ರಿಂದ 97172ರವರೆಗಿನ ಹೊಸ ಬಿಲ್ಲಿಂಗ್ ಸಂಖ್ಯೆಗಳು ಬಂದವು, ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ವಿಮಾ ಕಂಪನಿ ಹಣ ಕೊಡಬೇಕೆಂದೇನಿಲ್ಲ. ಹೀಗಾಗಿ ಆಪರೇಷನ್ ಮೇಜಿನ ಬಳಿ ಟ್ರೈನರ್ ಇರುವುದು ವೈದ್ಯರ ಸಮಯ ಉಳಿಯುತ್ತದೆ, ಕೆಲಸ ಸಲೀಸಾಗುತ್ತದೆ ಎಂಬ ಲೆಕ್ಕಾಚಾರದ ಮೇಲೆ. ವೃತ್ತಿಯ ಕೌಶಲವನ್ನು ಯಾರೂ ಅಲ್ಲಗಳೆದಿಲ್ಲ. ಬೆಲೆ ಕಟ್ಟುವವರು ಕಟ್ಟಿಲ್ಲ, ಅಷ್ಟೆ.

ಇದನ್ನು ದಾಟಲು ಟ್ರೈನರ್‌ಗಳು ಹಿಡಿದಿರುವ ದಾರಿಗಳು ಹಲವು. ಆರ್ಥೋಪೀಡಿಕ್ ಟೆಕ್ನಾಲಜಿಸ್ಟ್ ಪರೀಕ್ಷೆ ಬರೆದು ಪ್ಲಾಸ್ಟರ್, ಬ್ರೇಸ್, ಥಿಯೇಟರ್ ಕೆಲಸಕ್ಕೆ ಅರ್ಹತೆ ಪಡೆಯುವುದು ಒಂದು. ಅದರ ಮೇಲೆ ಶಸ್ತ್ರಕ್ರಿಯೆಗೇ ಮೀಸಲಾದ ಇನ್ನೊಂದು ಪರೀಕ್ಷೆಯೂ ಇದೆ. ಸರ್ಜಿಕಲ್ ಫಸ್ಟ್ ಅಸಿಸ್ಟೆಂಟ್ ತರಬೇತಿ ಮಾಡಿಕೊಳ್ಳುವವರೂ ಇದ್ದಾರೆ. ಬೋರ್ಡ್ ಆಫ್ ಸರ್ಟಿಫಿಕೇಷನ್ ಈಚೆಗೆ ಆರ್ಥೋಪೀಡಿಕ್ಸ್‌ನಲ್ಲಿ ತಜ್ಞ ಪ್ರಮಾಣಪತ್ರವನ್ನು ಆರಂಭಿಸಿದೆ. ಬಿಲ್ ಮಾಡುವ ಹಕ್ಕೇ ಬೇಕೆನ್ನುವವರು ಎರಡು ಎರಡೂವರೆ ವರ್ಷ ಮತ್ತೆ ಓದಿ ಫಿಸಿಷಿಯನ್ ಅಸಿಸ್ಟೆಂಟ್ ಆಗುತ್ತಾರೆ. ಥಿಯೇಟರಿನ ರುಚಿ ಕಂಡ ಒಳ್ಳೆಯ ಟ್ರೈನರ್‌ಗಳನ್ನು ವೃತ್ತಿ ಹೀಗೆ ಕಳೆದುಕೊಳ್ಳುತ್ತಿರುವುದು ನಿಜ.

ಭಾರತದಲ್ಲಿ ಇದಕ್ಕೆ ನೇರ ಸಮಾನವಾದ ಹುದ್ದೆ ಇಲ್ಲ. ಮೈದಾನದ ಕೆಲಸ ಫಿಸಿಯೋಥೆರಪಿಸ್ಟ್‌ಗಳದು, ಥಿಯೇಟರಿನದು ಓಟಿ ಟೆಕ್ನಿಷಿಯನ್‌ಗಳದು, ಪ್ಲಾಸ್ಟರ್ ಹಾಕುವವರು ಬೇರೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಫಿಸಿಯೋಥೆರಪಿ ಮತ್ತು ಓಟಿ ಟೆಕ್ನಾಲಜಿ ಎರಡಕ್ಕೂ ಪದವಿ ಕೊಡುತ್ತದೆ, ಎರಡೂ ಬೇರೆ ಬೇರೆ ದಾರಿಗಳಾಗಿ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯ ಪಟ್ಟಿಯಲ್ಲೂ ಇವು ಪ್ರತ್ಯೇಕ. ಇಲ್ಲಿ ಫಿಸಿಯೋಥೆರಪಿ ಪದವಿಯಾದ ಬಿಪಿಟಿ ಮುಗಿಸಿ ಅಮೆರಿಕದ ಈ ರೆಸಿಡೆನ್ಸಿಯ ಮೇಲೆ ಕಣ್ಣಿಟ್ಟವರು ಮೊದಲು ಗಮನಿಸಬೇಕಾದದ್ದು, ಫಿಸಿಯೋಥೆರಪಿ ಪದವಿ ಅಲ್ಲಿ ಅಥ್ಲೆಟಿಕ್ ಟ್ರೈನರ್ ಪ್ರಮಾಣಪತ್ರಕ್ಕೆ ಬದಲಿಯಲ್ಲ ಎಂಬುದನ್ನು.

ಅರ್ಜಿ ಹಾಕುವವರು ಯಾವ ದೇಶದವರಾದರೂ ಹೆಸರಿಗೆ ಮರುಳಾಗದೆ ಮೂರು ಸಂಗತಿಗಳನ್ನು ಸಂದರ್ಶನದಲ್ಲೇ ಕೇಳಿ ತಿಳಿಯಬೇಕು: ರೆಸಿಡೆನ್ಸಿಗೆ ಸಿಎಎಟಿಇ ಮಾನ್ಯತೆ ಇದೆಯೇ, ವಾರದಲ್ಲಿ ಎಷ್ಟು ದಿನ ಥಿಯೇಟರಿನಲ್ಲಿ ಗೌನು ತೊಟ್ಟು ಮೇಜಿನ ಬಳಿ ನಿಲ್ಲಬಹುದು, ಅಲ್ಲಿ ಕಲಿತದ್ದರಲ್ಲಿ ಎಷ್ಟನ್ನು ಆ ರಾಜ್ಯದ ಕಾನೂನು ಮುಂದೆ ಮಾಡಲು ಬಿಡುತ್ತದೆ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕುವುದೇ ಮೇಲು.